ಖಾಲಿ ಕೊಳವೆಯ ಆರು ಗೆರೆ

ಗಂಗಾಶ್ರೀ ಸೊರಬದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಾಳೆ. ಹುಟ್ಟಿದ್ದು ತಾಳಗುಂದದಲ್ಲಿ, ಬತ್ತ ಮತ್ತು ಮೆಕ್ಕೆಜೋಳ ಬೆಳೆಯುವ ಮನೆಯಲ್ಲಿ. ಕೊಟ್ಟಿದ್ದು ಶಿಕಾರಿಪುರಕ್ಕೆ, ಮೆಕ್ಕೆಜೋಳ ಕೊಂಡು ಮಾರುವ ಮನೆಗೆ. ಬೆಳೆಯುವವರ ಮಗಳನ್ನು ಕೊಳ್ಳುವವರ ಮನೆಗೆ ಕೊಟ್ಟರೆ ತೂಕದ ಜಗಳ ಅಡುಗೆಮನೆಗೇ ಬರುತ್ತದೆ ಎಂದು ಮದುವೆಯಲ್ಲಿ ಯಾರೋ ಅಂದಿದ್ದರಂತೆ. ಅಂಥದ್ದೇನೂ ಬರಲಿಲ್ಲ. ಗಂಡ ಗುರುಪ್ರಕಾಶ್ ಮಾತು ಕಡಿಮೆ, ಲಾರಿಗಳ ಹಿಂದೆ ಓಡಾಡುತ್ತಾನೆ. ಮಾವ ವೀರಬಸಪ್ಪನವರು ಮನೆಗೆ ಅಂಟಿಕೊಂಡಿರುವ ಗೋಡೌನಿನ ಬಾಗಿಲಲ್ಲಿ ಕೂರುತ್ತಾರೆ. ಮನೆಯನ್ನೂ ಅರ್ಧ ವ್ಯಾಪಾರವನ್ನೂ ನಡೆಸುವವರು ಅತ್ತೆ ರಾಜೇಶ್ವರಮ್ಮ.

ನಾನು ನಿವೃತ್ತಳಾಗಿ ಸೊರಬದಲ್ಲಿ ನೆಲೆಸಿದ ಮೇಲೆ ಗಂಗಾಶ್ರೀ ನನ್ನನ್ನು ಹುಡುಕಿಕೊಂಡು ಬಂದಳು. ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ.ಗೆ ಸೇರಿದ್ದಾಳೆ, ಮಾರ್ಗದರ್ಶಕರೂ ಇದ್ದಾರೆ, ಆದರೆ ವಾರಕ್ಕೊಮ್ಮೆ ಎದುರು ಕೂತು ತಪ್ಪು ಹಿಡಿಯುವವರು ಬೇಕು ಎಂದಳು. ನಾನು ಜೀವರಸಾಯನ ಕಲಿಸಿ ಮುಪ್ಪಾದವಳು. ತಪ್ಪು ಹಿಡಿಯುವುದು ಬರುತ್ತದೆ. ಒಪ್ಪಿದೆ. ಹೀಗಾಗಿ ಇಲ್ಲಿ ಹೇಳುವುದರಲ್ಲಿ ಅರ್ಧ ನಾನು ಕಂಡದ್ದು, ಅರ್ಧ ಅವಳೂ ಅವಳ ಅತ್ತೆಯೂ ಹೇಳಿದ್ದು.

ಅವಳ ವಿಷಯ ಹೀಗಿದೆ. ಬ್ಯಾಕ್ಟೀರಿಯದ ಸುತ್ತ ಕೊಬ್ಬಿನ ತೆಳುಪೊರೆ ಇರುತ್ತದೆ. ಬೇಕಾದ್ದು ಒಳಗೆ ಬರಲು, ಬೇಡದ್ದು ಹೊರಗೆ ಹೋಗಲು ಆ ಪೊರೆಯಲ್ಲಿ ಪ್ರೋಟೀನುಗಳು ನೆಟ್ಟುಕೊಂಡಿವೆ. ಗಂಗಾಶ್ರೀ ಆರಿಸಿಕೊಂಡದ್ದು ಔಷಧವನ್ನು ಹೊರದೂಡುವ ಪ್ರೋಟೀನೊಂದನ್ನು. ನಾವು ನುಂಗಿದ ಆಂಟಿಬಯೋಟಿಕ್ ಬ್ಯಾಕ್ಟೀರಿಯದೊಳಗೆ ಹೊಕ್ಕರೆ ಇದು ಅದನ್ನು ಹಿಡಿದು ಆಚೆ ಹಾಕುತ್ತದೆ. ಬ್ಯಾಕ್ಟೀರಿಯ ಬದುಕುತ್ತದೆ, ರೋಗಿ ನರಳುತ್ತಾನೆ. ಆಚೆ ಹಾಕುವುದು ಆಕಾರ ಬದಲಿಸಿ. ಮೊದಲು ಒಳಮುಖವಾಗಿ ತೆರೆದಿದ್ದದ್ದು ಆ ಕಡೆ ಮುಚ್ಚಿಕೊಂಡು ಹೊರಮುಖವಾಗಿ ತೆರೆಯುತ್ತದೆ. ಈ ಬದಲಾವಣೆಗೆ ಔಷಧ ಬಂದು ಕೂತರೆ ಸಾಕೇ, ಇನ್ನೇನಾದರೂ ಬೇಕೇ? ಕೂತರೆ ಸಾಕು ಎಂಬುದು ಗಂಗಾಶ್ರೀಯ ವಾದ.

ಇದನ್ನು ಅವಳು ಮನೆಯಲ್ಲಿ ಊಟಕ್ಕೆ ಕೂತಾಗ ವಿವರಿಸಿದ್ದಳು.

"ಅಂದ್ರೆ ನಮ್ ಗೋಡೌನ್ ಇದ್ದಂಗೆ," ಎಂದರಂತೆ ವೀರಬಸಪ್ಪ. "ಮುಂದಿನ ಶಟರ್ ತೆಗ್ದಾಗ ಹಿಂದಿಂದು ಹಾಕಿರಬೇಕು. ಎರಡೂ ಒಮ್ಮಿಗೇ ತೆಗ್ದ್ರೆ ಅದು ಗೋಡೌನ್ ಅಲ್ಲವ, ಓಣಿ."

"ಅಷ್ಟೇ ಮಾವ."

"ಇಷ್ಟಕ್ಕೆ ಡಾಕ್ಟರ್ ಪದವಿ ಕೊಡ್ತಾರಾ?"

"ಈ ಶಟರ್ ಕಣ್ಣಿಗೆ ಕಾಣಲ್ಲ ಮಾವ. ಅದಕ್ಕೆ ಕೊಡ್ತಾರೆ."

ಕಣ್ಣಿಗೆ ಕಾಣದ್ದನ್ನು ಅಳೆಯುವ ಕ್ರಮ ಇದು. ಪ್ರೋಟೀನಿನ ಮೇಲೆ ಆಯ್ದ ಎರಡು ಜಾಗಗಳಲ್ಲಿ ಎರಡು ಪುಟ್ಟ ಗುರುತಿನ ಅಣುಗಳನ್ನು ಅಂಟಿಸುತ್ತಾರೆ. ಪ್ರೋಟೀನನ್ನು ಪೆನ್ಸಿಲ್‌ಗಿಂತ ತೆಳುವಾದ ಕ್ವಾರ್ಟ್ಜ್ ಕೊಳವೆಗೆ ಹಾಕಿ, ಹೆಪ್ಪುಗಟ್ಟಿಸಿ, ಬಲವಾದ ಆಯಸ್ಕಾಂತದ ನಡುವೆ ಇಡುತ್ತಾರೆ. ಎರಡು ಗುರುತುಗಳ ನಡುವಿನ ಅಂತರವನ್ನು ಯಂತ್ರ ಹೇಳುತ್ತದೆ. ಔಷಧ ಇಲ್ಲದಾಗ ಎಷ್ಟು, ಇದ್ದಾಗ ಎಷ್ಟು ಎಂದು ನೋಡಿದರೆ ಯಾವ ಕಡೆ ಮುಚ್ಚಿತು, ಯಾವ ಕಡೆ ತೆರೆಯಿತು ಎಂಬುದು ತಿಳಿಯುತ್ತದೆ. ಈ ಯಂತ್ರ ನಮ್ಮ ಜಿಲ್ಲೆಯಲ್ಲಿಲ್ಲ. ಬೆಂಗಳೂರಿನ ಒಂದು ಸಂಶೋಧನಾಲಯದಲ್ಲಿ ಅದನ್ನು ನೋಡಿಕೊಳ್ಳುವವನು ಯತೀಶ, ಸೊರಬದ ಕಡೆಯ ಹುಡುಗ, ಗಂಗಾಶ್ರೀಗಿಂತ ಚಿಕ್ಕವನು. ಅವಳನ್ನು ಅಕ್ಕಾ ಎನ್ನುತ್ತಾನೆ, ಬೈಯುವುದನ್ನೂ ಹಾಗೆಯೇ ಬೈಯುತ್ತಾನೆ.

ಉಳಿದ ಕೆಲಸವೆಲ್ಲ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ, ರಜೆಯ ದಿನಗಳಲ್ಲಿ ಆಗಬೇಕು. ಬ್ಯಾಕ್ಟೀರಿಯ ಬೆಳೆಸಬೇಕು, ಒಡೆಯಬೇಕು, ಪೊರೆಯಿಂದ ಪ್ರೋಟೀನನ್ನು ಡಿಟರ್ಜೆಂಟ್ ಹಾಕಿ ಬಿಡಿಸಬೇಕು. ಪೊರೆಯಲ್ಲಿ ಬಾಳಿದ ಪ್ರೋಟೀನಿಗೆ ನೀರು ಒಗ್ಗುವುದಿಲ್ಲ. ಸ್ವಲ್ಪ ಅಜಾಗರೂಕತೆಯಾದರೆ ಒಂದಕ್ಕೊಂದು ಅಂಟಿಕೊಂಡು ಗಂಟಾಗಿ ತಳಕ್ಕೆ ಇಳಿಯುತ್ತದೆ, ವಾರದ ಕೆಲಸ ಹಾಳು. ಏಪ್ರಿಲ್ ತಿಂಗಳ ಸೆಕೆಯಲ್ಲಿ ಇವಳು ಸ್ವೆಟರ್ ಹಾಕಿಕೊಂಡು ಶೀತಲ ಕೋಣೆಯಲ್ಲಿ ನಿಂತಿರುತ್ತಿದ್ದಳು. ಗಂಗಾಶ್ರೀ ಬುದ್ಧಿವಂತೆ ಎಂದು ನಾನು ಎಂದೂ ಹೇಳಿಲ್ಲ. ಅವಳ ಕೈ ಸ್ಥಿರ, ಹಟ ಇದೆ, ಹೇಳಿದ್ದನ್ನು ಬರೆದುಕೊಳ್ಳುತ್ತಾಳೆ. ಈ ಕೆಲಸಕ್ಕೆ ಅದೇ ಮುಖ್ಯ.

ಮೊದಲ ಸಲದ ಅಳತೆಯನ್ನು ಸಂಶೋಧನಾಲಯದ ಕೊಳವೆಗಳಲ್ಲೇ ಮಾಡಿದ್ದರು. ಔಷಧ ಹಾಕಿದಾಗ ಒಳಬದಿಯ ಗುರುತುಗಳು ಹತ್ತಿರ ಬಂದವು, ಹೊರಬದಿಯವು ದೂರ ಸರಿದವು. ಅವಳ ವಾದಕ್ಕೆ ಆಧಾರ ಸಿಕ್ಕಿತು. ಆದರೆ ಪರಿಶೀಲನಾ ಸಮಿತಿ, ಇನ್ನೊಮ್ಮೆ ಹೊಸದಾಗಿ ಪ್ರೋಟೀನ್ ತೆಗೆದು ಅಳೆದು ತೋರಿಸಿ, ಆಮೇಲೆ ಪ್ರಬಂಧ ಕೊಡಿ ಎಂದಿತು. ನ್ಯಾಯವಾದ ಮಾತು. ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಸಮಯ ಮಾತ್ರ ಇರಲಿಲ್ಲ. ಪ್ರಬಂಧ ಕೊಡಲು ವಿಶ್ವವಿದ್ಯಾಲಯ ಇಟ್ಟಿದ್ದ ಕೊನೆಯ ಗಡುವು ಬೇಸಿಗೆಗೆ ಮುಗಿಯುತ್ತಿತ್ತು. ಅದು ದಾಟಿದರೆ ನೋಂದಣಿ ರದ್ದು.

ಸಂಶೋಧನಾಲಯದಲ್ಲಿ ಕೊಳವೆಗಳು ಕಡಿಮೆ ಇವೆ, ನಿಮ್ಮದನ್ನು ನೀವೇ ತನ್ನಿ ಎಂದು ಯತೀಶ ಹೇಳಿದ್ದ. ಗಂಗಾಶ್ರೀ ತರಿಸಿದಳು. ಕಾಲೇಜಿಗೆ ದಸರಾ ರಜೆ ಇದ್ದುದರಿಂದ ಶಿಕಾರಿಪುರದ ಮನೆಯ ವಿಳಾಸ ಕೊಟ್ಟಿದ್ದಳು. ಪ್ರಯೋಗಾಲಯದಿಂದ ಮನೆಗೆ ಬಂದಾಗ ಪೆಟ್ಟಿಗೆ ಅವಳ ಮೇಜಿನ ಮೇಲಿತ್ತು. ಹಾಗೇ ಎತ್ತಿಕೊಂಡು ಹೋಗಿ, ಹೊಸ ಕೊಳವೆಗಳಿಗೆ ಹೊಸ ಪ್ರೋಟೀನ್ ತುಂಬಿ ಬೆಂಗಳೂರಿಗೆ ಕೊಟ್ಟು ಬಂದಳು. ಉಳಿದ ಖಾಲಿ ಕೊಳವೆಗಳನ್ನೂ ಪೆಟ್ಟಿಗೆ ಸಮೇತ ಯತೀಶನ ಬಳಿಯೇ ಬಿಟ್ಟಳು.

ಯತೀಶನ ಫೋನು ಬಂದಾಗ ಅವಳು ನಮ್ಮ ಮನೆಯಲ್ಲೇ ಇದ್ದಳು. ಸ್ಪೀಕರ್ ಹಾಕು ಎಂದೆ.

"ಅಕ್ಕಾ, ಏನ್ ಕಲಸಿ ಕಳ್ಸಿದೀರ? ಸ್ಕ್ರೀನ್ ಮೇಲೆ ಆರು ಗೆರೆ ಬರ್ತಿದೆ."

"ಆರು ಗೆರೆನಾ?"

"ಮ್ಯಾಂಗನೀಸ್. ಬೇರೆ ಯಾವ್ದೂ ಹಿಂಗೆ ಸಾಲಾಗಿ ಆರು ನಿಲ್ಲಲ್ಲ. ನಿಮ್ ಗುರುತಿನ ಸಿಗ್ನಲ್ ಅದರ ನಡುವೆ ಮುಚ್ಚೇ ಹೋಗಿದೆ. ಪ್ರೋಟೀನ್ ಕೊಳೆ ಅಕ್ಕಾ."

"ಒಂದ್ರಲ್ಲಾ?"

"ಎಲ್ಲದ್ರಲ್ಲೂ. ಒಂದ್ರಲ್ಲಿ ಜಾಸ್ತಿ, ಒಂದ್ರಲ್ಲಿ ಕಮ್ಮಿ."

ಅವಳು ಫೋನು ಕೆಳಗಿಟ್ಟಳು. ಅವಳಿಗೂ ನನಗೂ ಇದರ ಅರ್ಥ ಗೊತ್ತಿತ್ತು. ಮ್ಯಾಂಗನೀಸ್ ಪ್ರೋಟೀನಿನ ಜೊತೆಗೇ ಬರುತ್ತಿದ್ದರೆ ಈ ಸಲದ ಅಳತೆ ಹೋಯಿತು. ಅಷ್ಟೇ ಅಲ್ಲ, ಮೊದಲ ಸಲ ಕಂಡ ಆಕಾರದ ಬದಲಾವಣೆ ಔಷಧದಿಂದ ಆದದ್ದೋ, ಆಗ ಗೆರೆಯಾಗಿ ಕಾಣದಷ್ಟು ಪ್ರೋಟೀನಿನಲ್ಲಿ ಸೇರಿಕೊಂಡಿದ್ದ ಲೋಹದಿಂದ ಆದದ್ದೋ ಎಂಬ ಪ್ರಶ್ನೆ ಏಳುತ್ತದೆ. ಅದಕ್ಕೆ ಉತ್ತರವಿಲ್ಲದೆ ಪ್ರಬಂಧ ಕೊಡುವಂತಿಲ್ಲ.

ಮುಂದಿನ ಕೆಲವು ತಿಂಗಳು ಅವಳು ಉಳಿದಿದ್ದ ರಜೆಯನ್ನೆಲ್ಲ ಹಾಕಿ ಮ್ಯಾಂಗನೀಸಿನ ಬೆನ್ನು ಹತ್ತಿದಳು. ನೀರಿನಲ್ಲಿರಬಹುದು ಎಂದು ನಾನೇ ಹೇಳಿದೆ, ನೀರು ಬದಲಿಸಿದಳು. ಬ್ಯಾಕ್ಟೀರಿಯ ಬೆಳೆಸುವ ಸಾರಿನಲ್ಲಿರಬಹುದು, ಉಪ್ಪುಗಳಲ್ಲಿರಬಹುದು, ಡಿಟರ್ಜೆಂಟಿನಲ್ಲಿರಬಹುದು. ಒಂದೊಂದನ್ನೂ ಬದಲಿಸಿದಳು. ಲೋಹ ಹೀರುವ ರಾಳದ ಮೂಲಕ ಪ್ರೋಟೀನನ್ನು ಹಾಯಿಸಿದಳು, ಅದರಲ್ಲಿ ಅರ್ಧ ಕಳೆದುಕೊಂಡಳು. ಪ್ರತಿ ಸಲವೂ ಅದೇ ಪೆಟ್ಟಿಗೆಯ ಕೊಳವೆ, ಪ್ರತಿ ಸಲವೂ ಆರು ಗೆರೆ. ಸಂಕ್ರಾಂತಿ ಕಳೆಯಿತು. ಅವಳ ಮುಖ ಬತ್ತಿತು.

"ಬಿಟ್ಬಿಡ್ತೀನಿ ಮೇಡಂ," ಎಂದಳು ಒಂದು ದಿನ. "ಮೊದಲಿನ ರಿಸಲ್ಟ್ ಇಟ್ಕೊಂಡು ಕೊಡಿ ಅಂತಾರೆ ಕೆಲವರು. ಆರು ಗೆರೆ ನೋಡಿದ್ಮೇಲೆ ಅದನ್ನ ಹೆಂಗ್ ಕೊಡ್ಲಿ?"

"ಕೊಡಬೇಡ," ಎಂದೆ.

ಸಮಾಧಾನ ಹೇಳಬೇಕಿತ್ತೇನೋ. ಅದರಿಂದ ಮ್ಯಾಂಗನೀಸ್ ಹೋಗುತ್ತಿರಲಿಲ್ಲ.

ಗಂಟು ಬಿಚ್ಚಿದ್ದು ಸೊರಬದ ಕಾಲೇಜಿನ ಪ್ರಯೋಗಾಲಯದಲ್ಲಿ. ಎರಡನೇ ವರ್ಷದವರಿಗೆ ಟೈಟ್ರೇಷನ್ ನಡೆದಿತ್ತು. ರಮ್ಯ ಎಂಬ ಹುಡುಗಿ ಲೆಕ್ಕ ಒಪ್ಪಿಸಲು ಬಂದಳು. ಉತ್ತರ ಎಲ್ಲರಿಗಿಂತ ಹೆಚ್ಚು ಬಂದಿತ್ತು.

"ಬ್ಲ್ಯಾಂಕ್ ತೆಗೆದ್ಯಾ?" ಎಂದು ಗಂಗಾಶ್ರೀ ಕೇಳಿದಳು. ಬ್ಲ್ಯಾಂಕ್ ಎಂದರೆ ಅಳೆಯಬೇಕಾದ ವಸ್ತುವನ್ನು ಹಾಕದೆ, ಉಳಿದದ್ದೆಲ್ಲ ಹಾಕಿ ಮೊದಲು ನೋಡಿಕೊಳ್ಳುವ ಅಳತೆ.

"ಇಲ್ಲ ಮಿಸ್. ಎಲ್ಲಾ ಹೊಸ ಬಾಟಲಿ, ಅದಕ್ಕೆ..."

"ಹೊಸ ಬಾಟಲಿ ಅಂದ್ರೆ? ಹೊಸದು ಅಂದ್ರೆ ಚೊಕ್ಕ ಅಂತ ಯಾರು ಹೇಳಿದ್ದು ನಿಂಗೆ? ಏನೂ ಹಾಕದೆ ಏನು ಬರುತ್ತೆ ನೋಡದೆ, ಹಾಕಿದ್ಮೇಲೆ ಬಂದಿದ್ದು ನಿಂದೇ ಅಂತ ಹೆಂಗ್ ಹೇಳ್ತೀಯ?"

ಹೀಗೆ ಬೈಯುತ್ತ ಬೈಯುತ್ತ ಅರ್ಧಕ್ಕೆ ನಿಂತಳಂತೆ. ರಮ್ಯಳಿಗೆ ತನ್ನ ತಪ್ಪು ಇಷ್ಟು ದೊಡ್ಡದೇ ಎಂದು ಗಾಬರಿ. ಮಿಸ್ ಮಾತ್ರ "ಹೋಗು, ತೆಗೆದು ಬಾ" ಎಂದು ಹೇಳಿ ಕಾರಿಡಾರಿಗೆ ಹೋಗಿ ಯತೀಶನಿಗೆ ಫೋನು ಮಾಡಿದಳು.

"ಯತೀಶ, ಆ ಪೆಟ್ಟಿಗೆಲಿ ಖಾಲಿ ಕೊಳವೆ ಉಳಿದಿದಾವಾ?"

"ಎರಡೋ ಮೂರೋ ಇದಾವೆ."

"ಒಂದನ್ನ ಹಂಗೇ ಇಟ್ಟು ಅಳಿ. ಏನೂ ಹಾಕ್ಬೇಡ."

"ಖಾಲಿ ಕೊಳವೆನಾ? ಅಕ್ಕಾ, ನಿಮಗೆ ರೆಸ್ಟ್ ಬೇಕು."

"ಅಳೀತೀಯೋ ಇಲ್ವೋ?"

ಅಳೆದ. ಖಾಲಿ ಕೊಳವೆಯಲ್ಲಿ ಆರು ಗೆರೆ ಸಾಲಾಗಿ ನಿಂತಿದ್ದವು.

ಅವಳು ಕಾಲೇಜಿನಿಂದ ನೇರವಾಗಿ ನನ್ನ ಮನೆಗೆ ಬಂದು, ಚಪ್ಪಲಿ ಬಿಡುವ ಮೊದಲೇ, "ಪ್ರೋಟೀನ್ ಅಲ್ಲ ಮೇಡಂ, ಕೊಳವೆ" ಎಂದಳು. ಎಷ್ಟೋ ತಿಂಗಳ ಮೇಲೆ ಅವಳು ನಮ್ಮಲ್ಲಿ ತಿಂಡಿ ಕೇಳಿ ತಿಂದದ್ದು ಅಂದು. ಖಾಲಿ ಕೊಳವೆಯನ್ನು ಮೊದಲ ದಿನವೇ ಅಳೆಯಬೇಕಿತ್ತು. ಅವಳಿಗಾಗಲಿ ಅವಳ ಮಾರ್ಗದರ್ಶಕರಿಗಾಗಲಿ ಯತೀಶನಿಗಾಗಲಿ ನನಗಾಗಲಿ ಅದು ಹೊಳೆಯಲಿಲ್ಲ, ಯಾಕೆಂದರೆ ಕೊಳವೆ ಹೊಸದು. ಯತೀಶ ಭೂತಗನ್ನಡಿ ಹಿಡಿದು ನೋಡಿ, ಒಳಗೋಡೆಯಲ್ಲಿ ಬಿಳಿ ಪುಡಿ ಇದೆ ಎಂದು ಫೋಟೋ ಕಳಿಸಿದ್ದ. ಮಾರಿದ ಕಂಪನಿಗೆ ಏನು ಬರೆಯಬೇಕೆಂದು ಅವಳು ಬಸ್ಸಿನಲ್ಲೇ ಯೋಚಿಸಿಕೊಂಡು ಮನೆಗೆ ಹೋದಳು. ಮರ್ಯಾದೆಯ ಮಾತೇನೂ ಇರಲಿಲ್ಲವಂತೆ ಅದರಲ್ಲಿ.

ರಾಜೇಶ್ವರಮ್ಮ ಸೊಸೆಯ ಮುಖ ನೋಡಿದರು.

"ಏನವ ಗಂಗಾ, ಇವತ್ತು ಮಕ ಬ್ಯಾರೆ ಐತಲ್ಲ?"

"ಕೊಳವೆ ಕೆಟ್ಟವು ಅತ್ತೆ. ನನ್ ಪ್ರೋಟೀನ್ ಸರಿ ಐತೆ. ಆ ಕಂಪನಿಯೋರು ಕೊಳೆ ಮಾಲು ಕಳ್ಸಿದ್ರು. ಒಳಗೆಲ್ಲ ಬಿಳಿ ಪುಡಿ."

"ಯಾವ್ದು, ದಸರದಾಗೆ ಬಂದ್ವಲ್ಲ, ಗಾಜಿನ ಕಡ್ಡಿ? ಅವು ಚೊಕ್ಕ ಇದ್ವು ಕಣವ. ಒಂದೊಂದೂ ಬೆಳಕಿಗೆ ಹಿಡಿದು ನೋಡೀನಿ."

"ನೀವ್ ನೋಡಿದ್ರಾ?"

"ಮತ್ತೆ? ಪೆಟ್ಟಿಗೆ ಒಡೆದು ಎಣಿಸ್ದೆ ನಮ್ಮನೆ ಒಳಗೆ ಯಾವ್ ಮಾಲು ಬಂದೈತಿ? ಒಡೆದಿದ್ರೆ ಆ ಕೊರಿಯರ್ ಹುಡುಗನ ಕೈಗೇ ವಾಪಸ್ ಕೊಡಬೇಕಿತ್ತಲ್ಲ. ನೋಡಿ, ಎಣಿಸಿ, ವಿಭೂತಿ ಮುಟ್ಟಿಸಿ, ಹೆಂಗ್ ಇತ್ತೋ ಹಂಗೇ ಕಟ್ಟಿ ನಿನ್ ಮೇಜಿನ ಮ್ಯಾಲೆ ಇಟ್ಟೆ."

ಆ ಮನೆಯ ಕ್ರಮ ಇದು. ತಕ್ಕಡಿ ಬಂದರೂ, ಲಾರಿ ಬಂದರೂ, ಮಿಕ್ಸಿ ಬಂದರೂ, ಬಳಸುವ ಮೊದಲು ಮೂರು ಬೆರಳಿನಲ್ಲಿ ವಿಭೂತಿ ಎಳೆಯುತ್ತಾರೆ. ಅದರಲ್ಲೂ ದಸರಾದಲ್ಲಿ ಬಂದದ್ದು. ಮೂಟೆ ಬಿಚ್ಚಿ ಮಾದರಿ ನೋಡಿ ಮತ್ತೆ ಹೊಲಿದಿಡುವ ಮನೆಯವರ ಕೈ. ಪೆಟ್ಟಿಗೆ ಬಿಚ್ಚಿದ್ದು ಯಾರಿಗೂ ಗೊತ್ತಾಗದ ಹಾಗೆ ಕಟ್ಟಿದ್ದರು.

ಗಂಗಾಶ್ರೀ ನಿಧಾನವಾಗಿ ಕೇಳಿದಳು: "ವಿಭೂತಿ ಎಲ್ಲಿಗೆ ಮುಟ್ಟಿಸಿದ್ರಿ ಅತ್ತೆ? ಪೆಟ್ಟಿಗೆಗಾ?"

"ಪೆಟ್ಟಿಗೆ ಏನ್ ಓದ್ತೈತಾ? ಕಡ್ಡಿಗೆ. ಅಷ್ಟು ತೆಳು, ಮೂರು ಬೆರಳು ಎಳೆಯಕ್ಕೆ ಜಾಗ ಎಲ್ಲೈತೆ? ಅದಕ್ಕೆ ಒಂದೊಂದ್ರದೂ ಬಾಯಿ ಹಿಡಿದು ವಿಭೂತಿ ಗಟ್ಟಿಗೆ ಒತ್ತಿ ತೆಗ್ದೆ. ಒಂದನ್ನೂ ಬಿಡಲಿಲ್ಲ."

ವೀರಬಸಪ್ಪನವರು ಮಾತು ಕೇಳಿ ಒಳಗೆ ಬಂದಿದ್ದರು. ಗಂಗಾಶ್ರೀ ನೆಲದ ಮೇಲೆ ಕೂತು ನಗತೊಡಗಿದ್ದಳು. ನಗು ನಿಲ್ಲದೆ ಕಣ್ಣಲ್ಲಿ ನೀರು ಬಂತು. ಸೊಸೆ ಅಳುತ್ತಿದ್ದಾಳೆ ಎಂದುಕೊಂಡ ಮುದುಕಿಗೆ ಆ ಬಿಳಿ ಪುಡಿ ಯಾವುದೆಂದು ಆಗ ಅರ್ಥವಾಯಿತು. ಗೋಡೆ ಹಿಡಿದುಕೊಂಡರು.

"ನಾನೇನವ ಹಾಳು ಮಾಡಿದ್ದು? ಇಷ್ಟು ದಿನ ನೀನು ಉಂಡಿದ್ದು ಅರಗದಂಗೆ ತಿರುಗಿದ್ದು ನನ್ನಿಂದನಾ?"

"ಇಲ್ಲ ಅತ್ತೆ. ಪ್ರೋಟೀನ್ ಹಾಳಾಗಿದ್ರೆ ನಾನು ಹಾಳಾಗ್ತಿದ್ದೆ. ಇದು ತೊಳೆದ್ರೆ ಹೋಗ್ತೈತೆ."

"ವಿಭೂತಿಯಾಗೆ ನೀನು ಹೇಳ್ತಿದ್ದ ಆ ಲೋಹ ಎಲ್ಲಿಂದ ಬಂತು?"

"ಪೇಟೆ ವಿಭೂತಿ. ಸುಣ್ಣದ ಪುಡಿ ಬೆರೆಸಿರ್ತಾರೆ. ಸುಣ್ಣದಾಗೆ ಅದು ಒಂಚೂರು ಇದ್ದೇ ಇರ್ತೈತೆ."

ರಾಜೇಶ್ವರಮ್ಮ ಗೋಡೆ ಬಿಟ್ಟು ಗಂಡನ ಕಡೆ ತಿರುಗಿದರು. "ಕೇಳಿದ್ರಾ? ಮಠದಿಂದ ತಗಂಬರ್ರಿ, ಪೇಟೆದು ಬ್ಯಾಡ ಅಂತ ಬಡ್ಕಂಡೆ. ಅಗ್ಗ ಸಿಕ್ತು ಅಂತ ತಂದ್ರಿ. ಈಗ ಹುಡುಗಿ ಓದಿಗೆ ಬಂತು."

"ತಂದಿದ್ದು ಹಣೆಗೆ ಕಣೆ," ಎಂದರು ವೀರಬಸಪ್ಪ. "ನೀನು ಗಾಜಿನ ಬಾಯಿಗೆ ತುರುಕ್ತೀಯ ಅಂತ ನಂಗೇನು ಕನಸಾ?"

ಆ ಗಟ್ಟಿಯ ಒಂದು ಚೂರನ್ನು ಗಂಗಾಶ್ರೀ ಬೆಂಗಳೂರಿಗೆ ಒಯ್ದಳು. ಊಹೆಯನ್ನು ನಂಬುವ ಹಾಗಿಲ್ಲ, ಅದು ಎಷ್ಟೇ ಚೆನ್ನಾಗಿದ್ದರೂ. ಚೊಕ್ಕ ಕೊಳವೆಯಲ್ಲಿ ಆ ಚೂರನ್ನು ಹಾಕಿ ಅಳೆದಾಗ ಅದೇ ಆರು ಗೆರೆ, ಅದೇ ಜಾಗದಲ್ಲಿ ಬಂದವು. ಕಂಪನಿಗೆ ಬರೆಯಬೇಕಿದ್ದ ಪತ್ರ ಹೀಗೆ ತಪ್ಪಿತು.

ಕೊಳವೆಯ ಮೇಲಿನ ಆಪಾದನೆ ರುಜುವಾದ ಮಾತ್ರಕ್ಕೆ ಪ್ರೋಟೀನು ನಿರ್ದೋಷಿ ಎಂದಾಗುವುದಿಲ್ಲ. ಅದನ್ನು ಬೇರೆಯಾಗಿಯೇ ತೋರಿಸಬೇಕು. ದಸರಾದಿಂದೀಚೆಗೆ ಹೊಸದಾಗಿ ತೆಗೆದಿಟ್ಟ ಪ್ರೋಟೀನಿನಲ್ಲಿ ಒಂದು ಅಳತೆಗೆ ಸಾಕಾಗುವಷ್ಟು ಮಾತ್ರ ಡೀಪ್ ಫ್ರೀಜರಿನಲ್ಲಿ ಉಳಿದಿತ್ತು. ಹೊಸದಾಗಿ ತೆಗೆಯಲು ಗಡುವಿನೊಳಗೆ ಇನ್ನೊಂದು ರಜೆ ಇರಲಿಲ್ಲ. ಗಂಗಾಶ್ರೀ ಆಮ್ಲದಲ್ಲಿ ಕೊಳವೆಗಳನ್ನು ತಾನೇ ತೊಳೆದಳು, ಒಣಗಿಸಿದಳು, ಖಾಲಿ ಇಟ್ಟು ಅಳೆಸಿದಳು. ಯಂತ್ರ ಏರಿಳಿತವಿಲ್ಲದ ಸಪಾಟು ಗೆರೆ ಎಳೆಯಿತು, ಅಂದರೆ ಒಳಗೆ ಏನೂ ಇಲ್ಲ. ಆಮೇಲೆ ಪ್ರೋಟೀನ್ ತುಂಬಿದಳು. ಅರ್ಧಕ್ಕೆ ಔಷಧ, ಅರ್ಧಕ್ಕೆ ಇಲ್ಲ. ಅಳತೆ ನಡೆಯುವಾಗ ಯತೀಶ ಅವಳನ್ನು ಕೋಣೆಯಿಂದ ಹೊರಗೆ ಕಳಿಸಿದ. ಹಿಂದೆ ನಿಂತು ಉಸಿರು ಬಿಡುವವರಿದ್ದರೆ ತನಗೆ ಕೈ ಓಡುವುದಿಲ್ಲ ಎಂದ. ಅವಳು ಕ್ಯಾಂಟೀನಿನಲ್ಲಿ ಕೂತು ಎರಡನೇ ವರ್ಷದವರ ಉತ್ತರಪತ್ರಿಕೆ ತಿದ್ದಿದಳು.

ಮ್ಯಾಂಗನೀಸ್ ಇರಲಿಲ್ಲ. ಔಷಧ ಹಾಕಿದ ಕಡೆ ಒಳಬದಿಯ ಗುರುತುಗಳು ಹತ್ತಿರ ಬಂದಿದ್ದವು, ಹೊರಬದಿಯವು ದೂರ ಸರಿದಿದ್ದವು. ಮೊದಲ ಸಲ ಬಂದಿದ್ದ ಅಂತರಕ್ಕೂ ಇದಕ್ಕೂ ಯಂತ್ರ ಕ್ಷಮಿಸುವಷ್ಟೇ ವ್ಯತ್ಯಾಸ. ಔಷಧ ಕೂತರೆ ಸಾಕು, ಪ್ರೋಟೀನು ಒಳಬಾಗಿಲು ಹಾಕಿಕೊಳ್ಳುತ್ತದೆ. ಯತೀಶ ಕ್ಯಾಂಟೀನಿಗೆ ಬಂದು, "ಅಕ್ಕಾ, ನಿಮ್ ಶಟರ್ ಕೆಲಸ ಮಾಡ್ತಿದೆ, ಒಂದು ಕಾಫಿ ಹೇಳಿ" ಎಂದನಂತೆ.

ಮರುದಿನ ಶನಿವಾರ ಬೆಳಿಗ್ಗೆ ಅವಳು ಬೆಂಗಳೂರಿನ ಬಸ್ಸಿಳಿದು, ಮನೆಗೂ ಹೋಗದೆ ಸೊರಬಕ್ಕೆ ಬಂದು ಅಂಕಿಗಳನ್ನು ನನ್ನ ಮುಂದಿಟ್ಟಳು. ನಾನು ಮಧ್ಯಾಹ್ನದವರೆಗೂ ನೋಡಿದೆ. ತಪ್ಪು ಸಿಗಲಿಲ್ಲ. ಹುಡುಕಲಿಲ್ಲ ಎಂದಲ್ಲ.

"ಬರಿ ಇನ್ನು," ಎಂದೆ.

"ವಿಭೂತಿ ವಿಷಯ ಹೆಂಗೆ ಬರೀಲಿ ಮೇಡಂ?"

"ಆದದ್ದನ್ನು ಬರಿ. ಕೊಳವೆಗಳಲ್ಲಿ ಸುಣ್ಣದ ಪುಡಿ ಸೇರಿತ್ತು, ಖಾಲಿ ಕೊಳವೆ ಅಳೆದು ಪತ್ತೆ ಮಾಡಿದೆ, ತೊಳೆದ ಮೇಲೆ ಹೋಯಿತು."

"ಪುಡಿ ಎಲ್ಲಿಂದ ಬಂತು ಅಂತ ವೈವಾದಲ್ಲಿ ಕೇಳಿದ್ರೆ?"

"ಮನೆಯಲ್ಲಿ ಪೂಜೆಗೆ ಇಟ್ಟಿದ್ದರು ಅನ್ನು. ಕೇಳುವವರ ಮನೆಯಲ್ಲೂ ಯಾರಾದರೂ ಇರುತ್ತಾರೆ."

ಸಂಜೆಯ ಬಸ್ಸಿಗೆ ಹೊರಟಳು. ಹೋಗುವಾಗ ಅವಳ ನಡಿಗೆ ಬದಲಾಗಿತ್ತು. ತಲೆಯ ಮೇಲಿನ ಹುಲ್ಲಿನ ಹೊರೆ ಇಳಿಸಿದವರು ಸ್ವಲ್ಪ ಹೊತ್ತು ಕತ್ತು ಎತ್ತಿಕೊಂಡೇ ನಡೆಯುತ್ತಾರಲ್ಲ, ಹಾಗೆ.

ಭಾನುವಾರ ಅವಳು ಬಿಟ್ಟುಹೋದ ಹಾಳೆಗಳನ್ನು ಮತ್ತೊಮ್ಮೆ ನೋಡುವಾಗ ಒಂದು ನಕ್ಷೆಯ ಕೆಳಗೆ ಅಳತೆಯ ಏಕಮಾನ ಬರೆಯದಿದ್ದದ್ದು ಕಂಡಿತು. ಸಣ್ಣದು, ಆದರೂ ಅವತ್ತೇ ತಿದ್ದಲಿ ಎಂದು ಫೋನು ಮಾಡಿದೆ. ಎತ್ತಿದವರು ರಾಜೇಶ್ವರಮ್ಮ. ಹಿಂದೆ ಲಾರಿಯಿಂದ ಮೂಟೆ ಇಳಿಸುವ ಸದ್ದು, ಹಮಾಲರ ಕೂಗು ಕೇಳುತ್ತಿತ್ತು.

"ಗಂಗಾಶ್ರೀಗೆ ಕೊಡಿ," ಎಂದೆ.

"ಮಲಗ್ಯಾಳ್ರಿ ಅಕ್ಕೋರೆ."

"ಈಗ? ಹನ್ನೆರಡು ಗಂಟೆಗೆ?"

"ಹೂನ್ರಿ. ನಿನ್ನೆ ಉಂಡು ಮಲಗಿದ್ದು, ಇನ್ನೂ ಎದ್ದಿಲ್ಲ. ಇಷ್ಟು ಗದ್ದಲಕ್ಕೂ ಮಗ್ಗುಲು ಬದಲಿಸಿಲ್ಲ. ಏನ್ ಅರ್ಜೆಂಟ್ ಇತ್ತಾ?"

"ಒಂದು ತಿದ್ದುಪಡಿ ಇತ್ತು. ಎಬ್ಬಿಸಿದರೆ ಎರಡು ನಿಮಿಷ ಅಷ್ಟೆ."

"ಎಬ್ಬಿಸಲ್ರಿ ಅಕ್ಕೋರೆ. ತಪ್ಪು ತಿಳಕಬ್ಯಾಡ್ರಿ. ನಿಮ್ದು ಏನಿದ್ರೂ ನಾಳೆ," ಎಂದು ಫೋನು ಇಟ್ಟರು.